ಬಳ್ಳಿಗೆ ಹೊಡೆದ ಎಣ್ಣೆ

ನಾನು ನಿಂತಿದ್ದು ನಮ್ಮ ಬಚ್ಚಲಮನೆಯ ಹೊಸ್ತಿಲಲ್ಲಿ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಹೆಗಲ ಮೇಲೆ ಟವೆಲ್ಲು. ಕಳೆದ ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಗಿನ ಏಳೂವರೆ. ಮನೆ ಇರುವುದು ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಆ ಹೊಸ್ತಿಲಿನಿಂದ ಹಿತ್ತಲು ಪೂರ್ತಿ ಕಾಣುತ್ತದೆ, ಯಾಕೆಂದರೆ ಹಿತ್ತಲು ಇರುವುದೇ ಎರಡು ಮಂಚ ಹಾಕುವಷ್ಟು. ಅವ್ವ ಇಸ್ತ್ರಿಯ ಬಟ್ಟೆಗೆ ನೀರು ಸಿಂಪಡಿಸುವ ಬಾಟಲಿ ಹಿಡಿದು, ವೀಳ್ಯದೆಲೆಯ ಬಳ್ಳಿಗೆ ಏನನ್ನೋ ಹೊಡೆಯುತ್ತಿದ್ದಳು. ಒಂದೊಂದೇ ಎಲೆಯನ್ನು ಮಗುಚಿ ಅದರ ಬೆನ್ನಿಗೂ ಹೊಡೆಯುತ್ತಿದ್ದಳು, ಕೂಸಿಗೆ ಪೌಡರ್ ಹಚ್ಚಿದ ಹಾಗೆ. ಎದುರು ಮಾಳಿಗೆಯ ಮೇಲೆ ಸಂಡಿಗೆ ಹರವುತ್ತಿದ್ದ ನಿವೃತ್ತ ಶಿಕ್ಷಕಿ, ಓಣಿಯವರೆಲ್ಲ ಕರೆಯುವಂತೆ ಬಾಯಾರು, ಅಲ್ಲಿಂದಲೇ, ಕೆಳಗಿನ ಎಲೆಗಳು ಉಳಿದಿವೆ ನೋಡಿ ಎಂದು ತಿದ್ದುತ್ತಿದ್ದರು. ಏನದು ಎಂದು ನಾನು ಕೇಳಿದೆ. ಅವ್ವ "ಎಣ್ಣಿ" ಎಂದಳು. ನಾನು ತಲೆಯಾಡಿಸಿ ಸ್ನಾನಕ್ಕೆ ಹೋದೆ.

ನಮ್ಮೂರ ಬೇಸಿಗೆಯಲ್ಲಿ ವೀಳ್ಯದೆಲೆ ಬೆಳೆಸುವುದೆಂದರೆ ಹಂಚಿನ ಮೇಲೆ ಬೆಣ್ಣೆ ಇಟ್ಟು ಕಾಯುವ ಕೆಲಸ. ನನ್ನ ಹೆಂಡತಿ ಅದನ್ನು ಬಚ್ಚಲ ನೀರು ಹೋಗುವಲ್ಲಿ, ಮಧ್ಯಾಹ್ನದ ಬಿಸಿಲು ಮುಟ್ಟದ ಗೋಡೆಗೆ ಹಬ್ಬಿಸಿದ್ದಳು. ಅವ್ವನಿಗೆ ಎಲೆ ಅಡಿಕೆಯ ಚಟ. ಅವ್ವನಿಗೂ ನನ್ನ ಹೆಂಡತಿಗೂ ಮಾತಿಲ್ಲ. ಜಗಳ ಶುರುವಾದದ್ದು ಸಾರಿಗೆ ಉಪ್ಪು ಯಾರು ಹಾಕಬೇಕು ಎಂಬಲ್ಲಿ. ಆಮೇಲೆ ಉಪ್ಪು ಹೋಗಿ ಜಗಳವಷ್ಟೇ ಉಳಿಯಿತು. ಇಬ್ಬರೂ ಹೇಳಬೇಕಾದ್ದನ್ನು ನನಗೆ ಹೇಳುತ್ತಾರೆ, ನಾನಿಲ್ಲದಾಗ ಪಾತ್ರೆಗಳಿಗೆ ಹೇಳುತ್ತಾರೆ. ಇದಕ್ಕಿದ್ದ ಒಂದೇ ವಿನಾಯಿತಿ ಆ ಬಳ್ಳಿ. ದಿನಾ ಬೆಳಿಗ್ಗೆ ಹೆಂಡತಿ ಎಳೆಯ ಎಲೆಯೊಂದನ್ನು ಚಿವುಟಿ, ಸೆರಗಿನಲ್ಲಿ ಒರೆಸಿ, ಅವ್ವನ ಮುಂದೆ ಹಿಡಿದು "ಎಲಿ ತಗೋರಿ" ಎನ್ನುವಳು. ಅವ್ವ "ಹೂಂ" ಎನ್ನುವಳು. ಮನೆಯ ಶಾಂತಿ ಆ ಎರಡು ಮಾತಿನ ಮೇಲೆ ನಿಂತಿತ್ತು. ಇಬ್ಬರ ನಡುವೆ ಸಿಕ್ಕವನು ನಾನಾದ್ದರಿಂದ ಬಳ್ಳಿಯ ಆರೋಗ್ಯದ ಬಗ್ಗೆ ನನಗೆ ವಿಶೇಷ ಕಾಳಜಿ ಇತ್ತು.

ಶಿವರಾತ್ರಿ ಮುಗಿದದ್ದೇ ನಮ್ಮ ಮನೆಯಲ್ಲಿ ಗಿಡಗಳ ಆಳ್ವಿಕೆ ಬರುತ್ತದೆ. ಮಾಳಿಗೆಯ ಕುಂಡಗಳಿಗೆ ತೋಯಿಸಿದ ಗೋಣಿಚೀಲ ಸುತ್ತಬೇಕು. ನೀರು ಹಾಕುವುದು ಸೂರ್ಯ ಹುಟ್ಟುವ ಮೊದಲೇ. ಹೊತ್ತೇರಿದರೆ ಮಾಳಿಗೆಯ ಮೇಲಿನ ಕರಿ ಟಾಕಿಯ, ಅಂದರೆ ಟ್ಯಾಂಕಿನ, ನೀರು ಚಹಾ ಕುದಿಸಲಿಕ್ಕೆ ಸರಿ, ಗಿಡಕ್ಕಲ್ಲ. ಒಳಗಿನ ಮನಿಪ್ಲಾಂಟನ್ನು ಕಿಟಕಿಯಿಂದ ಸರಿಸಿ ಕೂಲರಿನ ಪಕ್ಕ ಇಡಬೇಕು. ಗಾಳಿ ನೇರ ಬಡಿಯಬಾರದು, ತಂಪು ಮಾತ್ರ ಮುಟ್ಟಬೇಕು. ಅಂಥ ಜಾಗ ಇಡೀ ಮನೆಯಲ್ಲಿ ಒಂದೇ ಇದೆ, ಮೊದಲು ಅಲ್ಲಿ ನನ್ನ ಕುರ್ಚಿ ಇತ್ತು. ಈಗ ಕುರ್ಚಿ ಫ್ರಿಜ್ಜಿನ ಹಿಂಬದಿಯ ಬಿಸಿ ಉಸಿರಿನಲ್ಲಿದೆ. ದೇವರ ಕೋಣೆಯ ಫ್ಯಾನನ್ನೂ ಹೆಂಡತಿ ಬಿಚ್ಚಿ ಗಿಡಗಳ ಕಡೆ ಹಾಕಿದಳು. ದೇವರಿಗೆ ಸೆಕೆ ಅಭ್ಯಾಸವಾಗಿದೆ ಎಂದಳು.

ಇಷ್ಟೆಲ್ಲ ಮಾಡಿದರೂ ಆ ವರ್ಷ ಬಳ್ಳಿಯ ಎಲೆಗಳು ಅಂಚು ಮಡಚತೊಡಗಿದವು. ಹಿಂಬದಿಗೆ ಬಿಳಿ ಹುಳು ಕೂತಿತ್ತು. ಹೆಂಡತಿ ಬೇವಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸುತ್ತಿದ್ದಳು. ಸೊಸೆಯ ಔಷಧದ ಮೇಲೆ ಅವ್ವನಿಗೆ ನಂಬಿಕೆ ಇರಲಿಲ್ಲ. ಟಿಕೋಟಾದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿರುವ ನನ್ನ ಅಣ್ಣನಿಗೆ ಅವಳು ಗುಟ್ಟಾಗಿ ಫೋನು ಮಾಡಿದಳು. ಹೇಳಿದ್ದಿಷ್ಟೇ: ದ್ರಾಕ್ಷಿಗೆ ಬಳಸುತ್ತೀರಲ್ಲ, ಆ ಎಣ್ಣೆ ಸ್ವಲ್ಪ ಕಳಿಸು.

ನಮ್ಮ ಕಡೆ ಬಜಿ ಕರಿಯುವುದೂ ಎಣ್ಣೆ, ತಲೆಗೆ ಹಚ್ಚುವುದೂ ಎಣ್ಣೆ, ಗಂಡಸರು ಸಂಜೆ ಮರೆಗೆ ಹೋಗಿ ಕುಡಿದು ಬರುವುದೂ ಎಣ್ಣೆ. ಬೆಳೆಗೆ ಹೊಡೆಯುವ ಹುಳದ ಔಷಧಕ್ಕೂ ಎಣ್ಣೆ ಎಂದೇ ಹೆಸರು. ಅವ್ವ ಕೇಳಿದ್ದು ಇದನ್ನು. ಆದರೆ ಅಣ್ಣ ಆಗ ಒಣದ್ರಾಕ್ಷಿಯ ಶೆಡ್ಡಿನಲ್ಲಿದ್ದ. ಅಲ್ಲಿ ಎಣ್ಣೆ ಎಂದರೆ ಗೊನೆಗಳನ್ನು ಒಣಹಾಕುವ ಮೊದಲು ಅದ್ದಿ ತೆಗೆಯುವ ದ್ರವಕ್ಕೆ ಹಾಕುವ ಎಣ್ಣೆ. ಹಣ್ಣಿನ ಸಿಪ್ಪೆಯ ಮೇಣ ಕರಗಿಸಿ, ಒಳಗಿನ ನೀರು ಬೇಗ ಆರಿಹೋಗುವಂತೆ ಮಾಡುವುದೇ ಅದರ ಕಸುಬು. ಅಣ್ಣ ಒಂದು ಬಾಟಲಿ ತುಂಬಿಸಿ, ಜೊತೆಗೆ ಒಂದು ಬುಟ್ಟಿ ದ್ರಾಕ್ಷಿಯನ್ನೂ ಇಟ್ಟು ಶನಿವಾರದ ಬಸ್ಸಿಗೆ ಹಾಕಿದ. ದ್ರಾಕ್ಷಿಯನ್ನು ನಾವು ತಿಂದೆವು. ಬಾಟಲಿಯನ್ನು ಅವ್ವ ಸೀರೆಗಳ ಕೆಳಗೆ ಇಟ್ಟಳು.

ಭಾನುವಾರ ಅವಳು ಹೊಡೆದದ್ದು ಅದನ್ನು, ಒಂದು ಹನಿ ನೀರೂ ಬೆರೆಸದೆ.

ಸೋಮವಾರ ಬೆಳಿಗ್ಗೆ ಹೆಂಡತಿ ಎಲೆ ಚಿವುಟಲು ಹೋದಳು. ನಾನು ಅವಳ ಹಿಂದೆಯೇ ಇದ್ದೆ. ಒಂದು ಎಲೆಯೂ ಹಸಿರಾಗಿ ಉಳಿದಿರಲಿಲ್ಲ. ಎಲ್ಲವೂ ಕಂದುಬಣ್ಣಕ್ಕೆ ತಿರುಗಿ, ನೆರಿಗೆ ಬಿದ್ದು ಜೋತಿದ್ದವು. ಅವಳು ಒಂದನ್ನು ಮೂಸಿದಳು. ಕಟ್ಟೆಯ ಮೇಲಿದ್ದ ಬಾಟಲಿಯನ್ನು ಮೂಸಿದಳು. ದ್ರಾಕ್ಷಿ ಶೆಡ್ಡಿನ ವಾಸನೆ ಗುರುತು ಸಿಕ್ಕಿರಬೇಕು, ಅಲ್ಲೇ ನಿಂತು ಅಣ್ಣನಿಗೆ ಫೋನು ಮಾಡಿದಳು. ಅವ್ವ ಮನೆಯಲ್ಲೇ ಮಣೂಕ ಮಾಡುತ್ತಾಳೆಂದು ತಿಳಿದೆ, ಅದಕ್ಕೇ ಹಣ್ಣೂ ಕಳಿಸಿದ್ದೆ ಎಂದು ಅಣ್ಣ ಹೇಳಿದ್ದು ನನಗೂ ಕೇಳಿಸಿತು. ಮಣೂಕ ಎಂದರೆ ನಮ್ಮಲ್ಲಿ ಒಣದ್ರಾಕ್ಷಿ.

ಅವಳು ಫೋನು ಇಟ್ಟು ಮೆಲ್ಲಗೆ, "ನಿಮ್ಮವ್ವ ಬಳ್ಳೀನ ಮಣೂಕ ಮಾಡ್ಯಾರ" ಎಂದಳು.

ಇಷ್ಟು ವರ್ಷ ಒಬ್ಬರು ಇನ್ನೊಬ್ಬರ ತಪ್ಪಿಗಾಗಿ ಕಾದು ಕೂತ ಮನೆ ಅದು. ಈಗ ಸಿಕ್ಕಿದ್ದು ಸಣ್ಣ ತಪ್ಪೇನಲ್ಲ. ಅವ್ವ ಸಾಯುವವರೆಗೆ ಸಾಲುವಷ್ಟಿತ್ತು.

ಹೆಂಡತಿ ಚಪ್ಪಲಿ ಮೆಟ್ಟಿ ಗುಡಿಯ ಹತ್ತಿರದ ಎಲೆ ಅಂಗಡಿಗೆ ಹೋಗಿ ಬಂದಳು. ತಂದದ್ದರಲ್ಲಿ ಒಂದನ್ನು ಆರಿಸಿ, ಸೆರಗಿನಲ್ಲಿ ಒರೆಸಿ, ಅವ್ವನ ಮುಂದೆ ಹಿಡಿದಳು. ನಾನು ಫ್ರಿಜ್ಜಿನ ಪಕ್ಕ ಇದ್ದೆ. ಅವ್ವ ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಪ್ಯಾಟಿ ಎಲಿ."

"ಬಳ್ಳಿ ಒಣಗೇತ್ರಿ, ಅತ್ತಿ. ನನ್ನ ಕೈಲೇ ಆತು. ನಿನ್ನೆ ಮಧ್ಯಾಹ್ನ ಟಾಕಿ ನೀರು ಹಾಕಿಬಿಟ್ಟಿನ್ರಿ. ಕುದಿಯಾಕತ್ತಿತ್ತು, ಗೊತ್ತಾಗಲಿಲ್ಲ."

ಅವ್ವ ಎಲೆಯ ತೊಟ್ಟು ಮುರಿದಳು, ನಾರು ತೆಗೆದಳು, ಸುಣ್ಣ ಸವರಿದಳು. ಆಮೇಲೆ ಹೇಳಿದಳು:

"ನಿನ್ನೆ ಮಧ್ಯಾಹ್ನ ನೀ ತೊರವ್ಯಾಗ ವಾಸ್ತುಶಾಂತಿ ಊಟ ಉಣ್ಣಾಕತ್ತಿದ್ದಿ ಬೇ. ನೀರು ಹಾಕಿದ್ದು ಯಾರು, ನಿನ್ನ ದೆವ್ವ?"

ಅದು ನಿಜ. ನಾವಿಬ್ಬರೂ ತೊರವಿಗೆ ಹೋಗಿ ಸಂಜೆಗೇ ಬಂದಿದ್ದೆವು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ತಡೆಯಲಾಗದೆ ನಕ್ಕಳು.

"ಸುಳ್ಳು ಹೇಳಾಕೂ ಬರೂದಿಲ್ಲ ಇದಕ್ಕ" ಎಂದಳು ಅವ್ವ, ಯಾರಿಗೆಂದು ಹೇಳದೆ. ಅವಳ ಗದ್ದ ಅದುರುತ್ತಿತ್ತು. ಅದು ನಗುವೋ ಅಳುವೋ ನಾನು ಹೇಳಲಾರೆ. ನಾನಿದ್ದಲ್ಲಿಂದ ಅರ್ಧ ಮುಖ ಮಾತ್ರ ಕಾಣುತ್ತಿತ್ತು.

ಮುಂದಿನ ಅರ್ಧ ಗಂಟೆ ಇಬ್ಬರೂ ಫೋನಿನ ಮುಂದೆ ಕೂತು ಅಣ್ಣನನ್ನು ಬೈದರು. ಒಬ್ಬರಿಗೆ ಉಸಿರು ಹತ್ತಿದಾಗ ಇನ್ನೊಬ್ಬರು ಮುಂದುವರಿಸುತ್ತಿದ್ದರು, ಎಷ್ಟೋ ದಿನದಿಂದ ಜೊತೆಯಾಗಿ ಭಜನೆ ಹೇಳಿದವರ ಹಾಗೆ. ಹೆಂಡತಿ ಆ ಸಂಜೆ ಸುಟ್ಟ ಎಲೆಗಳನ್ನೆಲ್ಲ ಕತ್ತರಿಸಿ, ಕಾಂಡ ತೊಳೆದು, ಬುಡಕ್ಕೆ ಹಸಿ ಗೋಣಿ ಸುತ್ತಿದಳು. ಏನೂ ಆಗಲಿಲ್ಲ. ವಾರದೊಳಗೆ ಬೇರೂ ಕೊಳೆಯಿತು.

ಈಗ ಬಿಸಿಲು ಇಳಿದ ಮೇಲೆ ಅತ್ತೆ ಸೊಸೆ ಕೂಡಿಯೇ ಎಲೆ ಅಂಗಡಿಗೆ ಹೋಗುತ್ತಾರೆ. ಯಾವ ಎಲೆಯೂ ಇಬ್ಬರಿಗೂ ಒಟ್ಟಿಗೆ ಒಪ್ಪುವುದಿಲ್ಲ. ದಾರಿಯುದ್ದಕ್ಕೂ ವಾದ, ಮನೆಗೆ ಬಂದ ಮೇಲೂ ವಾದ. ಮೊದಲಿನ ಆ ಮೌನ ಎಷ್ಟು ತಂಪಾಗಿತ್ತೆಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಇದನ್ನು ಕಣ್ಣಾರೆ ಕಂಡವರು ನನ್ನನ್ನು ಬಿಟ್ಟರೆ ಮೂವರು. ಎದುರು ಮಾಳಿಗೆಯ ಬಾಯಾರು ಭಾನುವಾರದ್ದನ್ನು ಮಾತ್ರ ಕಂಡರು. ಕೆಳಗಿನ ಎಲೆಗೂ ಹೊಡೆಯಿರೆಂದು ಹೇಳಿದ್ದನ್ನು ಈಗ ಒಪ್ಪುವುದಿಲ್ಲ. ಇನ್ನಿಬ್ಬರು ನನ್ನ ಹೆಂಡತಿ ಮತ್ತು ಅವ್ವ. ಮೂವರೂ ಇದ್ದಾರೆ, ಗಟ್ಟಿಯಾಗಿದ್ದಾರೆ, ನಂಬದವರು ಬಂದು ಕೇಳಬಹುದು.