ಎಂಬತ್ತಾರು ಖಾಲಿ ಫೈಲುಗಳು

ಬೇರೆಯವರು ಮಾಡಿದ ಎಕ್ಸೆಲ್ ಫೈಲು ತೆರೆಯುವುದೆಂದರೆ ನನಗೆ ಬೇರೆಯವರ ಎಂಜಲು ತಟ್ಟೆ ಎತ್ತಿದ ಹಾಗೆ. ಆದರೆ ಅದೇ ನನ್ನ ಹೊಟ್ಟೆಪಾಡು. ಸತ್ತೇಗಾಲದಿಂದ ಬೆಳಗಿನ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದು, ದಿನವಿಡೀ ಜನರ ಫೈಲುಗಳ ಕೊಳೆ ತೊಳೆದು, ಸಂಜೆ ಬಸ್ಸಿಗೆ ವಾಪಸ್ ಹೋಗುವವನು ನಾನು. ಹೆಸರು ಶಿವಕುಮಾರಸ್ವಾಮಿ. ಇಲ್ಲಿ ಹೇಳಬೇಕಾಗಿರುವುದು ನನ್ನ ಕಥೆಯಲ್ಲ, ಚೌಡೇಶ್ವರಿಯಮ್ಮನ ಕಥೆ. ಆದರೆ ಅವರನ್ನು ನಾನು ಕಂಡದ್ದು ಈ ಕೊಳೆಯ ಮೂಲಕವೇ, ಆದ್ದರಿಂದ ಮೊದಲು ಅದನ್ನೇ ಹೇಳಬೇಕು.

ಕಳೆದ ವರ್ಷ ನೇಕಾರರ ಸಂಘವೊಂದು ರೇಷ್ಮೆ ಸೀರೆಯ ಅಂಚಿನ ವಿನ್ಯಾಸಗಳ ಪುಸ್ತಕ ಮಾಡಲು ಹೊರಟಿತು. ಕೊಳ್ಳೇಗಾಲ, ಹನೂರು, ಯಳಂದೂರು, ಮೂರೂ ಕಡೆಯವರು ತಮ್ಮ ತಮ್ಮ ವಿನ್ಯಾಸದ ಫೈಲು ಕೊಡಬೇಕು, ಪುಸ್ತಕದಲ್ಲಿ ಪ್ರತಿ ವಿನ್ಯಾಸದ ಕೆಳಗೆ ಅದನ್ನು ಮಾಡಿದವರ ಹೆಸರು ಅಚ್ಚಾಗುತ್ತದೆ. ದೂರದಿಂದ ಬರುವ ಸೀರೆ ವ್ಯಾಪಾರಿಗಳು ಇನ್ನು ಮುಂದೆ ಆ ಹೆಸರು ನೋಡಿಯೇ ಮನೆ ಹುಡುಕಿಕೊಂಡು ಬರುತ್ತಾರೆ. ಫೈಲುಗಳನ್ನೆಲ್ಲ ಓದಿ, ಯಾವ ವಿನ್ಯಾಸ ಯಾರದು ಎಂದು ಪಟ್ಟಿ ಮಾಡುವ ಕೆಲಸ ನನಗೆ ಬಂತು.

ಆರುನೂರು ಚಿಲ್ಲರೆ ಫೈಲು. ಒಂದಾದರೂ ನೆಟ್ಟಗಿರಬೇಕಲ್ಲ! ಒಬ್ಬ ಮೊದಲ ಸಾಲಿನಲ್ಲಿ ‘ಶ್ರೀ ಮಲೆ ಮಾದೇಶ್ವರ ಪ್ರಸನ್ನ’ ಎಂದು ಬರೆದು, ಎರಡನೆಯದನ್ನು ಖಾಲಿ ಬಿಟ್ಟು, ಮೂರನೆಯದರಲ್ಲಿ ಮಗಳ ಫೋನ್ ನಂಬರ್ ಹಾಕಿದ್ದ. ಇನ್ನೊಬ್ಬ ಎಕ್ಸೆಲ್ ಹಾಳೆಯ ಇಪ್ಪತ್ತು ಚೌಕದ ಮನೆಗಳನ್ನು ಒಂದಾಗಿ ಬೆಸೆದು ನಡುವೆ ತನ್ನ ಹೆಸರು ಕೂರಿಸಿದ್ದ. ಗೊತ್ತಿಲ್ಲದ ಕಡೆಯಲ್ಲೆಲ್ಲ ಚುಕ್ಕಿ, ಅಡ್ಡಗೆರೆ, ‘ಇಲ್ಲ’, ‘ಆಮೇಲೆ ಹೇಳ್ತೀನಿ’. ಇಸವಿ ಕೇಳಿದರೆ ‘ಅಪ್ಪಾಜಿ ಕಾಲದ್ದು’ ಎಂದು ಬರೆದವರೂ ಇದ್ದರು. ಥೂ, ಓದುವವನೂ ಒಬ್ಬ ಮನುಷ್ಯ ಎಂಬ ಜ್ಞಾನವೇ ಇಲ್ಲ ಇವರಿಗೆ ಎಂದು ನಾನು ಬೈದುಕೊಂಡೆ.

ಒಂದೊಂದನ್ನೇ ತೆರೆದು ನೋಡುವ ಸಹನೆ ನನಗಿರಲಿಲ್ಲ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. ಎಕ್ಸೆಲ್ ಫೈಲು ಓದಲೆಂದೇ ಯಾರೋ ಪುಣ್ಯಾತ್ಮರು ಬರೆದಿಟ್ಟ ಕೋಡಿನ ಗಂಟುಗಳಿವೆ, ಅವಕ್ಕೆ ಲೈಬ್ರರಿ ಎನ್ನುತ್ತಾರೆ. ಅದಕ್ಕೆ ಫೋಲ್ಡರ್ ತೋರಿಸಿದರೆ ಸಾಕು, ಮನೆ ಮನೆಯಲ್ಲೂ ಏನು ಬರೆದಿದೆ ಎಂದು ಹೆಕ್ಕಿ ತಂದು ಕೊಡುತ್ತದೆ. ಜೊತೆಗೆ ಒಂದು ಸಾಲು ನಾನೇ ಸೇರಿಸಿದೆ: ಚುಕ್ಕಿ, ಅಡ್ಡಗೆರೆ, ‘ಇಲ್ಲ’, ಇವು ಕಂಡರೆ ಕಸವೆಂದು ತಿಳಿ, ಖಾಲಿ ಎಂದೇ ಓದು. ಆ ಸಾಲು ಬರೆದಾಗ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಗುಡಿಸಿ ಸಾರಿಸಿದ ಅಂಗಳದಂತೆ ಪಟ್ಟಿ ಬಂತು.

ಚೌಡೇಶ್ವರಿ ಎಂಬ ಹೆಸರಿನ ಫೋಲ್ಡರಿನಲ್ಲಿ ಎಂಬತ್ತಾರು ಫೈಲುಗಳಿದ್ದವು. ಎಂಬತ್ತಾರೂ ಖಾಲಿ ಎಂದಿತು ಪ್ರೋಗ್ರಾಂ. ಒಂದು ಅಕ್ಷರವಿಲ್ಲ, ಒಂದು ಅಂಕಿಯಿಲ್ಲ. ಯಾರೋ ಹೆಂಗಸು ಲೆಕ್ಕಕ್ಕಿರಲಿ ಎಂದು ಖಾಲಿ ಫೈಲು ತುಂಬಿಕೊಟ್ಟಿದ್ದಾಳೆ ಎಂದುಕೊಂಡು ನನಗೆ ಮೈ ಉರಿಯಿತು. ಒಂದನ್ನಾದರೂ ಕಣ್ಣಾರೆ ತೆರೆದು ನೋಡಬಹುದಿತ್ತು. ನೋಡಲಿಲ್ಲ. ಅವರ ಹೆಸರಿನ ಮುಂದೆ ‘ವಿನ್ಯಾಸ ಇಲ್ಲ, ಫೈಲುಗಳು ಖಾಲಿ’ ಎಂದು ಬರೆದು, ಸೋಮವಾರ ಪಟ್ಟಿಯನ್ನು ಸಂಘದ ಬಾಗಿಲಿಗೆ ಅಂಟಿಸಿದೆ.

ಮಂಗಳವಾರ ಹತ್ತು ಗಂಟೆಗೆ ಚೌಡೇಶ್ವರಿಯಮ್ಮ ಸಂಘದ ಕಚೇರಿಗೆ ಬಂದರು. ಐವತ್ತು ದಾಟಿದ ಹೆಂಗಸು, ಕುಳ್ಳು, ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಲ್ಯಾಪ್‌ಟಾಪು. ಕೂರಿ ಎಂದರೂ ಕೂರಲಿಲ್ಲ.

“ನೀವೇನಾ ಸಾ, ನನ್ ಫೈಲ್‌ಗೋಳೆಲ್ಲ ಖಾಲಿ ಅಂತ ಬರ್ದೋರು?”

“ನಾನು ಬರೆದದ್ದಲ್ಲಮ್ಮ, ಕಂಪ್ಯೂಟರ್ ಓದಿ ಹೇಳಿದ್ದು.”

“ಒಂಬತ್ತು ವರ್ಸದಿಂದ ಖಾಲಿ ಮಾಡ್ಕಂಡು ಕುಂತಿದ್ನಾ ನಾನು? ಬೀದಿಯೋರೆಲ್ಲ ಓದ್ಕಂಡು ಓಯ್ತಾವ್ರೆ ಸಾ. ನಮ್ಮಪ್ಪನ ಕೈ ನಂಗೆ ಬಂದದೆ ಅಂತಿದ್ದೋರು, ಈಗ ನನ್ ಮಖ ನೋಡಿ ನಗ್ತಾವ್ರೆ.”

ಬಟ್ಟೆ ಬಿಚ್ಚಿ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು ಒಂದು ಫೈಲು ತೆರೆದರು. ಎಕ್ಸೆಲ್ ಹಾಳೆಯ ತುಂಬ ಬಣ್ಣ. ಸಾಸಿವೆ ಗಾತ್ರಕ್ಕೆ ಕುಗ್ಗಿಸಿದ ಸಾವಿರಾರು ಮನೆಗಳು, ಒಂದೊಂದಕ್ಕೂ ಕೈಯಾರೆ ಬಣ್ಣ ತುಂಬಿತ್ತು. ಅರಿಶಿನದ ನೆಲದ ಮೇಲೆ ಕೆಂಪು ಹಂಸಗಳು ಒಂದರ ಹಿಂದೊಂದು ಹೊರಟಿದ್ದವು, ಅವುಗಳ ಕಾಲ ಕೆಳಗೆ ಹಸಿರು ಬಳ್ಳಿ. ಎಲ್ಲೂ ಒಂದಕ್ಷರ ಬರೆದಿರಲಿಲ್ಲ. ನಾನು ಬಳಸಿದ ಲೈಬ್ರರಿ ಮನೆಯಲ್ಲಿ ಬರೆದದ್ದನ್ನು ಮಾತ್ರ ತಂದುಕೊಡುತ್ತದೆ, ಮನೆಗೆ ಬಳಿದ ಬಣ್ಣವನ್ನಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ, ಚೆನ್ನಾಗಿಯೇ ಗೊತ್ತಿತ್ತು.

“ಎಕ್ಸೆಲ್‌ನಲ್ಲಿ ಹೀಗೆ ಮಾಡು ಅಂತ ಯಾರಮ್ಮ ಹೇಳಿಕೊಟ್ಟಿದ್ದು?” ಎಂದೆ.

ಆಗ ಅವರು ಕೂತರು. ಅಪ್ಪ ಗ್ರಾಫ್ ಹಾಳೆಯ ಮೇಲೆ ಅಂಚು ಬರೆಯುತ್ತಿದ್ದವರಂತೆ. ಒಂದು ಮನೆಗೆ ಒಂದು ಎಳೆ. ಏಳನೆಯ ವಯಸ್ಸಿಗೇ ಮಗಳ ಕೈಗೆ ಬಣ್ಣದ ಪೆನ್ಸಿಲು ಬಂತು. ಅಪ್ಪ ಗೆರೆ ಎಳೆಯುವುದು, ಮಗಳು ಮನೆ ತುಂಬುವುದು. ಮದುವೆಯಾದ ಮೇಲೂ, ಗಂಡ ಚೌಡಯ್ಯ ಮಗ್ಗಕ್ಕೆ ಕೂತರೆ ಇವರು ಪಕ್ಕದಲ್ಲಿ ಹಾಳೆ ಹರಡುತ್ತಿದ್ದರು. ನಲವತ್ತರ ಮೇಲೆ ಬೆರಳ ಗಂಟು ನೋವು ಶುರುವಾಗಿ ಪೆನ್ಸಿಲು ಹಿಡಿಯುವುದೇ ಕಷ್ಟವಾಯಿತು. ಮಗಳು ಲಿಖಿತಾ ಕಾಲೇಜಿನಲ್ಲಿ ಕೊಟ್ಟ ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಯಳಂದೂರಿಗೆ ಸೊಸೆಯಾಗಿ ಹೋದಳು. ಒಂದು ದಿನ ಇವರು ಏನೋ ಒತ್ತಿದಾಗ ಎಕ್ಸೆಲ್ ತೆರೆದುಕೊಂಡಿತು.

“ನೋಡ್ದೆ, ಬರೀ ಮನೆ! ಓ, ಇದ್ರೊಳ್ಗೂ ಗ್ರಾಫ್ ಆಳೆ ಮಡಗವ್ರೆ ಅನ್ಕಂಡೆ ಸಾ. ಮಗ್ಳಿಗೆ ಫೋನ್ ಮಾಡಿ ಬಣ್ಣ ಎಂಗೆ ಆಕೋದು ಅಂತ ಕೇಳ್ದೆ. ಅದ್ರಲ್ಲಿ ಲೆಕ್ಕ ಬರೀತಾರೆ ಕಣವ್ವ ಅಂತ ನಕ್ಕುದ್ಲು. ಲೆಕ್ಕ ಬರ್ಯೋಕೆ ಇಷ್ಟೊಂದು ಮನೆ ಯಾಕವ್ವ ಬೇಕು ಇವ್ರಿಗೆ ಅಂದೆ.”

ನಗು ಬಂತು, ಬೆನ್ನಿಗೇ ಅಸಹ್ಯವೂ ಬಂತು. ಈ ಸಲ ಫೈಲಿನ ಮೇಲಲ್ಲ, ನನ್ನ ಮೇಲೆ. ಬಣ್ಣ ಓದುವ ಇನ್ನೊಂದು ಲೈಬ್ರರಿ ಇದೆ. ಐದು ನಿಮಿಷದ ಕೆಲಸ. ನಾನು ಮಾಡಿರಲಿಲ್ಲ.

ಪಟ್ಟಿ ತಿದ್ದುತ್ತೇನೆ ಎಂದೆ. ಅವರು ಏಳಲಿಲ್ಲ.

“ತಿದ್ದಿದ್ರೂ ಆಯ್ತದಾ ಸಾ? ನನ್ ಅಂಸದ ಅಂಚು ದಿನೇಶ್ ಎಸ್ರಲ್ಲಿ ಕುಂತದಲ್ಲ ಆ ಪಟ್ಟೀಲಿ.”

ದಿನೇಶ್ ಅದೇ ಬೀದಿಯವನು. ಮಗ್ಗಕ್ಕೆ ಬೇಕಾದ ರಟ್ಟುಗಳಿಗೆ ವಿನ್ಯಾಸದ ಪ್ರಕಾರ ತೂತು ಹೊಡೆದುಕೊಡುವ ಅಂಗಡಿ ಇಟ್ಟಿದ್ದಾನೆ. ಚೌಡೇಶ್ವರಿಯಮ್ಮ ಪೆನ್‌ಡ್ರೈವ್‌ನಲ್ಲಿ ಅವನಿಗೇ ಫೈಲು ಕೊಡುತ್ತಿದ್ದದ್ದು. ಅವನ ಫೈಲುಗಳನ್ನು ನಾನು ಬಾಯ್ತುಂಬ ಹೊಗಳಿದ್ದೆ. ಎಪ್ಪತ್ತೆರಡು ಫೈಲು, ಪ್ರತಿಯೊಂದರ ಮೇಲೂ ನಾಲ್ಕು ಸಾಲು: ವಿನ್ಯಾಸದ ಹೆಸರು, ಮಾಡಿದವರು, ಇಸವಿ, ಊರು. ಮನುಷ್ಯ ಅಂದರೆ ಹೀಗಿರಬೇಕು ಎಂದು ಕಾರ್ಯದರ್ಶಿ ಮೋಹನ್ ಅವರೆದುರೇ ಹೇಳಿದ್ದೆ. ಆ ನಾಲ್ಕು ಸಾಲಿನ ಕೆಳಗೆ ಇದ್ದದ್ದು ಅರಿಶಿನದ ನೆಲ, ಕೆಂಪು ಹಂಸ.

“ನಿಮ್ಮದೇ ಅಂತ ಹೇಗೆ ತೋರಿಸೋದಮ್ಮ?” ಎಂದೆ.

ಅವರು ಹಾಳೆಯ ಬಲತುದಿಗೆ, ಕಡೆಯ ಸಾಲಿನ ಕಡೆಯ ಮನೆಗೆ ಬೆರಳಿಟ್ಟರು. ದೊಡ್ಡದು ಮಾಡಿ ನೋಡಿದೆ. ಒಂದು ಚುಕ್ಕಿ. ಕೀಬೋರ್ಡಿನ ಪೂರ್ಣವಿರಾಮ.

“ಮಗೀಗೆ ಕೆನ್ನೆ ಮ್ಯಾಲೆ ದಿಷ್ಟಿ ಬೊಟ್ಟು ಇಕ್ಕಾಕಿಲ್ವಾ? ಅಂಗೇಯ. ನಮ್ಮಪ್ಪ ಪೆನ್ಸಿಲ್‌ನಾಗೆ ಇಕ್ಕೋನು. ನೇಯೋವಾಗ ಅಲ್ಲೊಂದು ಕರಿ ಎಳೆ ಬತ್ತದೆ. ಪೂರಾ ಚೆಂದ ಇರ್ಬಾರ್ದು ಕಣ್ ಸಾ. ಒಂದ್ರಲ್ಲೂ ತಪ್ಸಿಲ್ಲ ನಾನು.”

ಚುಕ್ಕಿ ಕಂಡರೆ ಕಸವೆಂದು ತಿಳಿ. ನನ್ನ ಹೆಮ್ಮೆಯ ಸಾಲು! ಎಂಬತ್ತಾರು ಫೈಲುಗಳಲ್ಲಿ ಆ ಲೈಬ್ರರಿಯ ಕಣ್ಣಿಗೆ ಬೀಳಬಹುದಾಗಿದ್ದುದು ಅದೊಂದೇ, ಅದನ್ನೂ ನಾನೇ ಗುಡಿಸಿ ಎಸೆದಿದ್ದೆ. ಆ ಸಾಲು ಅಳಿಸಿ ಮತ್ತೆ ಪ್ರೋಗ್ರಾಂ ಓಡಿಸಿದೆ. ಅವರ ಎಂಬತ್ತಾರರಲ್ಲಿ ಎಂಬತ್ತಾರು ಚುಕ್ಕಿ. ದಿನೇಶನ ಎಪ್ಪತ್ತೆರಡರಲ್ಲಿ ಐವತ್ತೆರಡು ಚುಕ್ಕಿ, ಪ್ರತಿಯೊಂದೂ ಇವರ ಚುಕ್ಕಿಗಿಂತ ಸರಿಯಾಗಿ ನಾಲ್ಕು ಸಾಲು ಕೆಳಗೆ. ಮೇಲೆ ನಾಲ್ಕು ಸಾಲು ತುರುಕಿದ್ದನಲ್ಲ, ಎಲ್ಲ ಅಷ್ಟೇ ಕೆಳಗೆ ಜಾರಿದ್ದವು. ನಾನು ಎದ್ದು ಮೋಹನ್ ಅವರನ್ನು ಕರೆದೆ, ಅವರು ದಿನೇಶನನ್ನು ಕರೆಸಿದರು.

ದಿನೇಶ್ ನಗುನಗುತ್ತಲೇ ಬಂದ. ಪರದೆ ನೋಡಿ, “ನಾನೂ ದಿಷ್ಟಿಗೇಯ ಇಕ್ಕಿರೋದು ಕಣ್ರಿ. ಇವ್ರಪ್ಪ ಒಬ್ನೇನಾ ಬೊಟ್ಟು ಇಕ್ದೋನು?” ಎಂದ.

ಚೌಡೇಶ್ವರಿಯಮ್ಮ ಅವನ ಕಡೆ ತಿರುಗಲೂ ಇಲ್ಲ. “ಅಂಗಾದ್ರೆ ಮಿಕ್ಕ ಇಪ್ಪತ್ತಕ್ಕೆ ಯಾಕ್ಲಾ ಇಕ್ಲಿಲ್ಲ? ಅವು ದಿಷ್ಟಿ ಆಗೋವಷ್ಟು ಚೆಂದ ಇಲ್ವಾ?”

ಮೋಹನ್ ಗಟ್ಟಿಯಾಗಿ ನಕ್ಕುಬಿಟ್ಟರು. ಆ ಇಪ್ಪತ್ತು ಮಾತ್ರ ಅವನು ಸ್ವಂತವಾಗಿ ಮಾಡಿದವು. ಇವನು ಕದ್ದಿದ್ದಕ್ಕಿಂತ, ಕದ್ದದ್ದರ ಮೇಲೆ ನಾಲ್ಕು ಸಾಲು ನೀಟಾಗಿ ಬರೆದು ನನ್ನಂಥವನಿಂದ ಶಹಬ್ಬಾಸ್ ಅನ್ನಿಸಿಕೊಂಡನಲ್ಲ, ಅದು ನನಗೆ ಹೆಚ್ಚು ಹೇಸಿಗೆಯಾಯಿತು. ಐವತ್ತೆರಡನ್ನೂ ಅವನ ಹೆಸರಿನಿಂದ ತೆಗೆದರು. ಸಂಜೆಯೊಳಗೆ ಹೊಸ ಪಟ್ಟಿ ಬಾಗಿಲಿಗೆ ಬಂತು: ಚೌಡೇಶ್ವರಿ, ಎಂಬತ್ತಾರು. ಅವರು ಅದರ ಮುಂದೆ ನಿಂತು ನಿಧಾನಕ್ಕೆ ಓದಿಕೊಂಡು, ಲ್ಯಾಪ್‌ಟಾಪು ಸುತ್ತಿಕೊಂಡು ಹೋದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ತಲೆಯೆತ್ತಿಕೊಂಡು ಓಡಾಡಬಹುದಿತ್ತು.

ಆಮೇಲೆ ಪುಸ್ತಕಕ್ಕೆ ಚಿತ್ರ ಬೇಕಾಯಿತು. ಬಣ್ಣ ಓದುವ ಲೈಬ್ರರಿ ಇಟ್ಟುಕೊಂಡು, ಪ್ರತಿ ಫೈಲನ್ನೂ ಚಿತ್ರವಾಗಿಸುವ ಎರಡನೇ ಪ್ರೋಗ್ರಾಂ ಬರೆದೆ. ಬರೆದೆ ಎಂದರೆ ಏನು, ನಮ್ಮ ಕಸುಬಿನವರು ಬರೆಯುವ ಹಾಗೆ, ಹಳೆಯ ಪ್ರೋಗ್ರಾಮಿನ ಒಂದು ನಕಲು ತೆಗೆದುಕೊಂಡು ಬೇಕಾದ್ದು ಸೇರಿಸಿದೆ. ಎರಡು ತಿಂಗಳಿಗೆ ಪುಸ್ತಕ ಬಂತು. ಮುನ್ನೂರು ಪ್ರತಿ, ದಪ್ಪ ಕಾಗದ, ಘಮ ಘಮ ಮಸಿ. ಮೊದಲ ಪ್ರತಿಯನ್ನು ಮೋಹನ್ ಚೌಡೇಶ್ವರಿಯಮ್ಮನ ಕೈಗೇ ಕೊಟ್ಟರು.

ಅವರು ಹಂಸದ ಪುಟ ತೆರೆದರು. ಕೆಳಗೆ ಅವರ ಹೆಸರು. ಅದರ ಮೇಲೆ ಬೆರಳಾಡಿಸಿದರು. ಬೆರಳು ಹಾಗೇ ಸರಿದು ಚಿತ್ರದ ಬಲತುದಿಗೆ ಹೋಗಿ ನಿಂತಿತು. ಮುಂದಿನ ಪುಟ ತಿರುವಿದರು, ಅದರ ಮುಂದಿನದನ್ನೂ ತಿರುವಿದರು.

“ಎಲ್ ಸಾ?” ಎಂದರು.

ನಾನೂ ಬಗ್ಗಿ ನೋಡಿದೆ, ಚುಕ್ಕಿ ಇರಲಿಲ್ಲ. ನಾನು ನಕಲು ತೆಗೆದುಕೊಂಡದ್ದು ಚುಕ್ಕಿಯ ಸಾಲು ಅಳಿಸುವುದಕ್ಕೂ ಮೊದಲು ಎತ್ತಿಟ್ಟಿದ್ದ ಪ್ರೋಗ್ರಾಮನ್ನು. ಚುಕ್ಕಿ ಕಂಡರೆ ಕಸವೆಂದು ತಿಳಿ. ಎಲ್ಲ ಗೊತ್ತಾದ ಮೇಲೂ, ಅವರ ಬಾಯಿಂದಲೇ ಕೇಳಿದ ಮೇಲೂ, ಎಂಬತ್ತಾರು ಮಕ್ಕಳ ಕೆನ್ನೆಯ ಬೊಟ್ಟನ್ನೂ ಒರೆಸಿಹಾಕಿದ್ದೆ. ಜನರ ಫೈಲು ಕೊಳಕು ಎಂದು ವರ್ಷಗಟ್ಟಲೆ ಮೂಗು ಮುರಿದ ನನಗೆ ಆ ಕ್ಷಣ ನನ್ನ ಕೈಗಳೇ ಎಂಜಲಾಗಿ ಕಂಡವು.

“ತಪ್ಪಾಯಿತಮ್ಮ,” ಎಂದೆ.

“ಇನ್ನೇನು ಬಿಡಿ, ಅಷ್ಟು ಸಣ್ಣದು ಯಾರಿಗೆ ಕಾಣ್ತದೆ?” ಎಂದರು ಮೋಹನ್.

ಚೌಡೇಶ್ವರಿಯಮ್ಮ ನನ್ನ ಜೇಬಿನಿಂದ ಪೆನ್ನು ಕಿತ್ತುಕೊಂಡರು. ಗಂಟು ಕಟ್ಟಿದ ಬೆರಳುಗಳಲ್ಲಿ ಕಷ್ಟಪಟ್ಟು ಹಿಡಿದು, ಹಂಸದ ಅಂಚಿನ ಬಲತುದಿಗೆ ಒಂದು ಚುಕ್ಕಿ ಇಟ್ಟರು. ಬಾಯಿಂದ ಊದಿ ಆರಿಸಿದರು. ಆಮೇಲೆ ಪೆನ್ನನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಪಕ್ಕ ಪೇರಿಸಿದ್ದ ಕಟ್ಟುಗಳ ಕಡೆ ಗದ್ದ ತೋರಿಸಿದರು.

“ಮಿಕ್ಕವ್ಕೆಲ್ಲ ನೀವಿಕ್ಕಿ ಸಾ. ಆಮ್ಯಾಕೆ ಜನಕ್ಕೆ ಅಂಚಿ.”

ಒಂದು ಪ್ರತಿಗೆ ಎಂಬತ್ತಾರು ಚುಕ್ಕಿ, ಅಂಥವು ಮುನ್ನೂರು ಪ್ರತಿ. ಇದಕ್ಕೆ ಯಾವ ಲೈಬ್ರರಿಯೂ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವರು ಬಂದು ಎದುರಿಗೆ ಕೂರುತ್ತಾರೆ, ಚುಕ್ಕಿ ಒಂದು ಮನೆ ಆಚೀಚೆಯಾದರೂ ಲೊಚಗುಟ್ಟುತ್ತಾರೆ. ಇವತ್ತಿಗೆ ನಲವತ್ತೊಂದು ಪ್ರತಿ ಆಗಿವೆ.