ಅಪ್ಪ ಬರೆದ ಗೋಡೆ

ಶಾಲೆಯ ಗೋಡೆಯ ಮೇಲೆ ಮಾಸಿದ ಅಕ್ಷರಗಳಿಗೆ ಪೇಂಟರ್ ಮತ್ತೆ ಬಣ್ಣ ತುಂಬುತ್ತಿದ್ದ. ಹತ್ತು ಇಂಗ್ಲಿಷ್ ಗಾದೆಗಳು, ಪ್ರತಿಯೊಂದರ ಕೆಳಗೂ ಕನ್ನಡದಲ್ಲಿ ಅರ್ಥ. ನಾಲ್ಕು ವರ್ಷದ ಹಿಂದೆ ಬರೆದವನೂ ಅವನೇ. ಹೊಸದಾಗಿ ಬಂದಿದ್ದ ಟೀಚರ್ ಹಿಂದೆ ನಿಂತು ಓದಿ ದಂಗಾದರು.

"ಅಣ್ಣಾ, ಆತುರದ ಗಾದೆ ಕೆಳಗೆ ಒಗ್ಗಟ್ಟಿನ ಅರ್ಥ ಇದೆಯಲ್ಲ! ಹತ್ತರಲ್ಲಿ ಒಂದೂ ಸರಿಯಿಲ್ಲ."

"ತಮಾಷೆ ಮಾಡ್ಬೇಡಿ ಮೇಡಂ. ಸ್ಕೂಲಲ್ಲಿ ಕೊಟ್ಟ ಚೀಟಿ ನೋಡ್ಕೊಂಡೇ ಬರೆದಿದ್ದು."

ಚೀಟಿಯಲ್ಲಿ ತಪ್ಪಿರಲಿಲ್ಲ. ಇಂಗ್ಲಿಷ್ ಬಾರದ ಅವನು ಮೊದಲ ದಿನ ಗಾದೆಗಳನ್ನಷ್ಟೇ ನೀಲಿಯಲ್ಲಿ ಒಂದೇ ಸಾಲಾಗಿ ಎಡದಿಂದ ಬಲಕ್ಕೆ ಬರೆದಿದ್ದ. ಮರುದಿನ ಏಣಿ ಬಲತುದಿಯಲ್ಲೇ ಇತ್ತು. ಕೆಂಪು ಬಣ್ಣದ ಅರ್ಥಗಳನ್ನು ಅಲ್ಲಿಂದಲೇ ಶುರುಮಾಡಿ, ಮೊದಲ ಗಾದೆಯ ಅರ್ಥವನ್ನು ಕೊನೆಯ ಗಾದೆಯ ಕೆಳಗೆ ಬರೆದಿದ್ದ.

ಟೀಚರ್ ಒಂದೊಂದನ್ನೇ ಓದಿ ತಿಳಿಸಿದಾಗ ಅವನಿಗೆ ಮಗಳು ನೆನಪಾದಳು. ಇದೇ ಶಾಲೆಯಲ್ಲಿ ಓದುವ ಮಗಳು ಕಳೆದ ಪರೀಕ್ಷೆಯಲ್ಲಿ ಗಾದೆಗಳ ಪ್ರಶ್ನೆಗೆ ಸೊನ್ನೆ ತಂದಿದ್ದಳು. ಗೋಡೆ ನೋಡಿಯೇ ಬಾಯಿಪಾಠ ಮಾಡಿದ್ದೆ ಎಂದು ಅತ್ತರೂ ಅವನು ನಂಬಿರಲಿಲ್ಲ. "ಅಪ್ಪ ಬರೆದಿದ್ದನ್ನೂ ಕಲಿಯೋಕಾಗ್ಲಿಲ್ವಾ? ತಲೇಲಿ ಮಣ್ಣು ತುಂಬಿದೆಯಾ?" ಎಂದು ನೆರೆಯವರೆದುರೇ ಬೈದು, ಮೂರು ದಿನ ಮಾತು ಬಿಟ್ಟಿದ್ದ.

"ಅಯ್ಯೋ ಮೇಡಂ, ನನ್ನ ಮಗು ಸುಳ್ಳು ಹೇಳಿರ್ಲಿಲ್ಲ" ಎಂದು ಅವನು ಏಣಿಯಿಂದ ಇಳಿದು ಬ್ರಷ್ ಕೆಳಗಿಟ್ಟ.

ನಾಲ್ಕು ವರ್ಷದಲ್ಲಿ ಆ ಗೋಡೆಯನ್ನು ಓದಿ ನಂಬಿದವಳು ಅವಳೊಬ್ಬಳೇ.

ಭಾನುವಾರ ಅವನು ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯುತ್ತಾನೆ. ಚೀಟಿ ಹಿಡಿದು ಓದಿ ಹೇಳುವವಳು ಮಗಳು.