ಬೆಳ್ಳಿ ಗುಂಡಗಡಿಗೆ

ಮಾದನಹಿಪ್ಪರಗಾದ ತನ್ನ ಮನೆಯಲ್ಲಿ ಶಿವಕಾಂತಾ ಕನ್ನಡಿಯ ಮುಂದೆ ನಿಂತು ಸೆರಗನ್ನು ಮತ್ತೊಮ್ಮೆ ಸರಿಪಡಿಸಿಕೊಂಡಳು. ಸೆರಗಿನ ಒಳಗೆ ಹೋದರೆ ಗುಂಡಗಡಿಗೆ ಕಾಣುವುದಿಲ್ಲ. ಪೂರ್ತಿ ಹೊರಗೆ ಬಂದರೆ ಬೇಕೆಂದೇ ತೋರಿಸಿದಂತಾಗುತ್ತದೆ. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಹಾಕಿಕೊಳ್ಳುವ ಆ ದುಂಡನೆಯ ಬೆಳ್ಳಿ ಕರಡಿಗೆ ಹೊಸದು. ಮುಚ್ಚಳದ ಮೇಲೆ ಕಮಲ, ಕಮಲದ ಸುತ್ತ ಬಳ್ಳಿ. ಕೊನೆಗೆ ಅದು ಅರ್ಧ ಕಾಣುವಂತೆ ಸೆರಗಿಗೆ ಪಿನ್ನು ಚುಚ್ಚಿದಳು.

ಅಂದು ಕಿಣ್ಣಿ ಸುಲ್ತಾನದಲ್ಲಿ ಅವಳ ಅಣ್ಣನ ಮೊಮ್ಮಗಳಿಗೆ ಲಿಂಗ ಕಟ್ಟುವ ಕಾರ್ಯ. ನೆರೆಮನೆಯ ಭಾಗ್ಯಜ್ಯೋತಿಯೂ ಜೊತೆಗೆ ಹೊರಟಿದ್ದಳು. ಬಸ್ಸಿನಲ್ಲಿ ಅವಳ ಕಣ್ಣು ಮೊದಲು ಬಿದ್ದದ್ದು ಗುಂಡಗಡಿಗೆಯ ಮೇಲೆಯೇ.

"ಏನಕ್ಕಾ, ಇದು ದೇವರ ಮನಿನೋ, ಅರಮನಿನೋ?"

"ಸುಮ್ ಕೂಡ ಬೇ. ಹಳೇದು ಸೊಟ್ಟ ಆಗಿತ್ತು."

"ನನಗ ಕಂಡೇ ಇಲ್ಲ ನೋಡು ಆ ಸೊಟ್ಟ."

ಹಳೆಯದು ಸೊಟ್ಟಾಗಿರಲಿಲ್ಲ. ಅತ್ತೆ ಕೊಟ್ಟದ್ದು, ತೆಳುವು, ಹೂವಿಲ್ಲ ಬಳ್ಳಿಯಿಲ್ಲ, ಅಷ್ಟೇ.

ಊರ ಮಠದಲ್ಲಿ ಸೋಮವಾರ ಮಧ್ಯಾಹ್ನ ಹೆಂಗಸರು ಸೇರುತ್ತಾರೆ. ಅಲ್ಲಿ ಮಾತನಾಡುವವಳು ಶಿವಕಾಂತಾ. ಸುಖವಿರುವುದು ಲಿಂಗದಲ್ಲಿ, ಸೀರೆ ಬಂಗಾರದಲ್ಲಿ ಅಲ್ಲ ಎಂದು ಅವಳು ಹೇಳಿದರೆ ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಹೇಳಿದ್ದು ಸುಳ್ಳಲ್ಲ. ಹುಡುಗಿಯಾಗಿದ್ದಾಗ ಅಂಗೈಯ ಲಿಂಗವನ್ನು ನೋಡುತ್ತ ಕೂತರೆ ಅವಳಿಗೆ ರೊಟ್ಟಿಯ ನೆನಪೂ ಆಗುತ್ತಿರಲಿಲ್ಲ. ಅವ್ವ ಬಂದು ಭುಜ ಹಿಡಿದು ಎಬ್ಬಿಸಬೇಕಿತ್ತು. ಆದರೆ ಬರಬರುತ್ತ ಅವಳಿಗೆ ಲಿಂಗಕ್ಕಿಂತ ಆ ಒದ್ದೆ ಕಣ್ಣುಗಳೇ ರುಚಿಸತೊಡಗಿದವು. ಸೋಮವಾರ ಯಾವ ಸೀರೆ ಉಡಬೇಕೆಂದು ರವಿವಾರವೇ ಯೋಚಿಸುತ್ತಿದ್ದಳು.

ಕಿಣ್ಣಿಯಲ್ಲಿ ಅಯ್ಯನವರು ಕೂಸಿನ ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಪುಟ್ಟ ಲಿಂಗ ಕಟ್ಟಿದರು. ಕೂಸು ಅವರ ಗಡ್ಡ ಹಿಡಿದು ಜಗ್ಗಿತು. ಮಂದಿ ನಕ್ಕರು.

"ಜಗ್ಗಲಿ ಬಿಡ್ರಿ, ಗುರುವಿನ ಗಡ್ಡ ಹಿಡದೇ ದಾಟಬೇಕು," ಎಂದು ಅಯ್ಯನವರೂ ನಕ್ಕರು. "ಈಗ ಎಲ್ಲಾರೂ ನಿಮ್ ನಿಮ್ ಲಿಂಗ ಅಂಗೈಯಾಗ ತಗೋರಿ. ಕೂಸಿನ ಕೂಡ ನಾವೂ ಒಂದೀಟು ಕೂಡೂಣು."

ಶಿವಕಾಂತಾ ಮುಂದಿನ ಸಾಲಿನಲ್ಲಿದ್ದಳು. ಕಮಲದ ಮುಚ್ಚಳ ತಿರುವಿ ತೆಗೆದಳು. ಒಳಗೆ ಏನೂ ಇರಲಿಲ್ಲ. ಹೊಳೆಯುವ ತಳದಲ್ಲಿ ಅವಳದೇ ಮೂಗುತಿ ಮಿನುಗಿತು.

ಆಳಂದದ ಅಕ್ಕಸಾಲಿ ಮೋನಪ್ಪ ಪತ್ತಾರರ ಅಂಗಡಿ ಕಣ್ಣೆದುರು ಬಂತು. ಅಳತೆ ನೋಡಲೆಂದು ಹಳೆಯ ಗುಂಡಗಡಿಗೆಯಿಂದ ಲಿಂಗ ತೆಗೆದು, ಅವರು ಹಾಸಿದ ಬಿಳಿ ಬಟ್ಟೆಯ ಮೇಲೆ ತಾನೇ ಇಟ್ಟಿದ್ದಳು. ಹೊಸದನ್ನು ಕೊರಳಿಗೆ ಹಾಕಿಕೊಂಡು ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡಿದ್ದಳು. ನೋಡಿಕೊಳ್ಳುತ್ತಲೇ ಬಸ್ಸಿಗೆ ಹೊರಟುಬಿಟ್ಟಿದ್ದಳು. ಸಂಜೆ ಪತ್ತಾರರು ಫೋನ್ ಮಾಡಿ "ಅಕ್ಕಾರ, ನಿಮ್ದು ಇಲ್ಲೇ..." ಎನ್ನುವಷ್ಟರಲ್ಲಿ, ಬಿಟ್ಟು ಬಂದ ಹಳೆಯ ಗುಂಡಗಡಿಗೆಯ ಮಾತೆಂದುಕೊಂಡು, "ಇರ್ಲಿ ಬಿಡ್ರಿ, ಮುಂದ ಬಂದಾಗ ಒಯ್ತೇನಿ" ಎಂದು ಇಟ್ಟಿದ್ದಳು. ಹೊಸ ಬೆಳ್ಳಿ ದಪ್ಪ, ಕೊರಳಿಗೆ ಹಗುರವೆನಿಸಲಿಲ್ಲ. ಅಂದಿನಿಂದ ಕೂಸಿಗೆ ಕುಂಚಿಗೆ ಹೊಲಿಯುವ ಗಡಿಬಿಡಿ. ಬೆಳಿಗ್ಗೆ ಪೂಜೆಗೆ ಕೂತರೂ ಮುಚ್ಚಳ ತೆಗೆಯದೆ, ಗುಂಡಗಡಿಗೆಯನ್ನೇ ಕಣ್ಣಿಗೊತ್ತಿಕೊಂಡು ಏಳುತ್ತಿದ್ದಳು. ಕಳೆದದ್ದಕ್ಕಿಂತ, ಕಳೆದದ್ದು ಗೊತ್ತಾಗದೆ ಉಂಡು ಮಲಗಿದ್ದು ಅವಳನ್ನು ಸುಟ್ಟಿತು.

ಬರಿಯ ಅಂಗೈಯನ್ನು ಇನ್ನೊಂದು ಕೈಯಿಂದ ಮುಚ್ಚಿ ಎದೆಯ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ನೀರು ಸುರಿಯಿತು. ತಡೆಯಲು ನೋಡಿದಷ್ಟೂ ಸುರಿಯಿತು.

"ನೋಡ್ರಿ, ಭಕ್ತಿ ಅಂದ್ರ ಹಿಂಗಿರಬೇಕು," ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಅಯ್ಯನವರೂ ತಲೆದೂಗಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಶಿವಕಾಂತಾಗೆ.

ಊಟಕ್ಕೆ ಪಂಕ್ತಿ ಕೂತಿತು. ಲಿಂಗ ಮೈಮೇಲಿಲ್ಲದವರು ಅದು ಮರಳಿ ಸಿಗುವವರೆಗೆ ಅನ್ನ ನೀರು ಮುಟ್ಟುವಂತಿಲ್ಲ. ಸೋಮವಾರ ಸೋಮವಾರ ಇದನ್ನು ಬಿಡಿಸಿ ಹೇಳುತ್ತಿದ್ದವಳು ತಾನೇ. ಅತ್ತಿಗೆ ಗಂಗಾಬಾಯಿ ಹೋಳಿಗೆಯ ಬುಟ್ಟಿ ಹಿಡಿದು ಎದುರು ನಿಂತಳು.

"ತಗೋ ಬೇ, ಅಳೂದು ಸಾಕು. ನಿನ್ನ ನೋಡಿ ನಮಗೆಲ್ಲಾ ನಾಚಿಕಿ ಬಂತು."

"ಬ್ಯಾಡ ಅತ್ತಿಗಿ. ಹೊಟ್ಟಿ ಸರಿ ಇಲ್ಲ."

"ಹಂಗಾರ ಒಂದು ಗುಟುಕು ನೀರರ ಕುಡಿ."

ಶಿವಕಾಂತಾ ಲೋಟವನ್ನು ತುಟಿಯವರೆಗೆ ಒಯ್ದಳು. ಪಂಕ್ತಿಯಲ್ಲಿ ಯಾರೂ ಅನುಮಾನಪಟ್ಟಿರಲಿಲ್ಲ. ಕುಡಿದಿದ್ದರೆ ಮುಗಿದೇ ಹೋಗುತ್ತಿತ್ತು. ಅವಳು ಲೋಟ ಕೆಳಗಿಟ್ಟಳು.

"ಹೊಟ್ಟಿ ಸರಿನೇ ಐತಿ. ನನ್ನ ಮೈಮ್ಯಾಲ ಲಿಂಗ ಇಲ್ಲ. ಪತ್ತಾರ್ ಅಂಗಡ್ಯಾಗ ಬಿಟ್ಟು ಬಂದೇನಿ. ಇದು ಖಾಲಿ ಐತಿ." ಮುಚ್ಚಳ ತೆಗೆದು ತೋರಿಸಿದಳು.

ಬಡಿಸುವ ಸೌಟುಗಳು ನಿಂತವು. ಗಂಗಾಬಾಯಿ ಬುಟ್ಟಿ ಕೆಳಗಿಟ್ಟಳು.

"ಹಂಗಾರ ಆಗ ಯಾಕ ಅತ್ತಿ?"

"ಅದಕ್ಕಽ ಅತ್ತೆ."

"ಭಲೇ! ಬೆಳ್ಳಿ ಮನಿ ಕಟ್ಟಿಸಿ, ಮಾಲಕಗ ಹೊರಗ ಹಾಕಿದಿ!" ಎಂದಳು ಗಂಗಾಬಾಯಿ. ಯಾರೋ ಕಿಸಕ್ಕೆಂದರು. ಶಿವಕಾಂತಾ ತಲೆ ಎತ್ತಲಿಲ್ಲ. ಎಲೆ ಮಡಚದೆ ಹಾಗೆಯೇ ಬಿಟ್ಟು ಎದ್ದಳು. ಭಾಗ್ಯಜ್ಯೋತಿಯೂ ಉಣ್ಣದೆ ಎದ್ದು ಹಿಂದೆ ಬಂದಳು.

ಆಳಂದದಲ್ಲಿ ಮೋನಪ್ಪ ಪತ್ತಾರರು ಅವಳನ್ನು ಕಂಡದ್ದೇ ಕೈ ತೊಳೆದುಕೊಂಡು, ದೇವರ ಗೂಡಿನಿಂದ ಬಿಳಿ ಬಟ್ಟೆಯ ಗಂಟನ್ನು ತಂದು ಮುಂದೆ ಇಟ್ಟರು.

"ನಾ ಹೇಳೂದ್ರಾಗ ಫೋನ್ ಇಟ್ರಿ ಅಕ್ಕಾರ. ಮತ್ತ ಹಚ್ಚಿದ್ರ ಎತ್ತಲಿಲ್ಲ. ಹಿಪ್ಪರಗಾಕ್ಕ ನಾಳೆ ನಾನೇ ಬರಾಂವ ಇದ್ದೆ."

"ತಪ್ಪು ನಂದೇ ಐತ್ರಿ," ಎಂದಳು.

ಅವರ ಕೊಡದಿಂದ ನೀರು ಕೇಳಿ ಪಡೆದು, ಕೈ ತೊಳೆದು, ಅಂಗಡಿಯ ಒಳಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಅಂಗೈಯ ಮೇಲೆ ಲಿಂಗ ತಣ್ಣಗೆ ಕೂತಿತು. ಹೊರಗೆ ತೊಗರಿಚೀಲದ ಟ್ರ್ಯಾಕ್ಟರು ದಾರಿ ಸಿಗದೆ ಹಾರ್ನ್ ಹೊಡೆಯುತ್ತಿತ್ತು. ಮಂತ್ರ ಎಲ್ಲಿಂದ ಶುರು ಮಾಡಬೇಕೆಂದು ಹೊಳೆಯಲಿಲ್ಲ, ಸುಮ್ಮನೆ ನೋಡಿದಳು. ನಾಚಿಕೆ ಕರಗಲಿಲ್ಲ. ಆದರೂ, ಅದರ ನಡುವೆಯೇ, ಹುಡುಗಿಯಾಗಿದ್ದಾಗಿನ ಆ ಸಂತೋಷ ಬಂತು. ತಾನು ಬಿಟ್ಟುಹೋದರೂ ಅದು ತನಗಾಗಿ ಕಾದಿತ್ತೆನ್ನುವುದೇ ಅವಳನ್ನು ಇನ್ನಷ್ಟು ನಾಚಿಸಿತು. ಹಾರ್ನ್ ಯಾವಾಗ ನಿಂತಿತೋ ತಿಳಿಯಲಿಲ್ಲ. ಭಾಗ್ಯಜ್ಯೋತಿ ಬಂದು ಬಸ್ಸಿನ ಹೊತ್ತಾಯಿತು ಎಂದಾಗ ಎದ್ದಳು.

ಮುಂದಿನ ಸೋಮವಾರ ಶಿವಕಾಂತಾ ಮಠದಲ್ಲಿ ನಡೆದದ್ದನ್ನೆಲ್ಲ ಹೇಳಿ, ಇನ್ನು ಮುಂದೆ ಮಾತಾಡುವುದಿಲ್ಲ ಎಂದಳು. ಈಗ ಭಾಗ್ಯಜ್ಯೋತಿ ಮಾತಾಡುತ್ತಾಳೆ. ಶಿವಕಾಂತಾ ಬಾಗಿಲ ಬಳಿ ಕೂತು ಕೇಳುತ್ತಾಳೆ.